ಪದವಿಯ ನಡುವೆ ಕಾಲೇಜು ಬದಲಿಸಿ ಕೊಡಗಿಗೆ ಬರುವವರಿಗೆ: ಪತ್ರಿಕೆ, ಶುಲ್ಕ ಮತ್ತು ವಸತಿಯ ಸಮಗ್ರ ಮಾರ್ಗದರ್ಶಿ

ಪದವಿಯ ಒಂದೋ ಎರಡೋ ವರ್ಷವನ್ನು ಬೇರೆ ಊರಿನಲ್ಲಿ ಓದಿ, ಉಳಿದದ್ದನ್ನು ಕೊಡಗಿನ ಕಾಲೇಜಿನಲ್ಲಿ ಮುಗಿಸಬೇಕೆಂದು ಬರುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಕೆಲವರ ಮನೆಯಲ್ಲಿ ತೋಟ ನೋಡಿಕೊಳ್ಳುವವರಿಲ್ಲ, ಕೆಲವರ ತಂದೆಗೋ ತಾಯಿಗೋ ವರ್ಗವಾಗಿದೆ, ಇನ್ನು ಕೆಲವರಿಗೆ ಬೆಂಗಳೂರಿನ ಖರ್ಚು ಕೈಮೀರಿದೆ. ಕಾರಣ ಯಾವುದಾದರೂ ಎದುರಾಗುವ ಪ್ರಶ್ನೆಗಳು ಮೂರೇ: ಓದಿದ ಪತ್ರಿಕೆಗಳು ಹೊಸ ಕಾಲೇಜಿನಲ್ಲಿ ಲೆಕ್ಕಕ್ಕೆ ಬರುತ್ತವೆಯೇ, ಶುಲ್ಕ ಎಷ್ಟಾಗುತ್ತದೆ, ಉಳಿದುಕೊಳ್ಳುವುದು ಎಲ್ಲಿ.

ಈ ಮೂರನ್ನು ಬೇರೆ ಬೇರೆ ಕೆಲಸಗಳೆಂದು ಎಣಿಸಿ ಒಂದೊಂದನ್ನೇ ಮುಗಿಸಲು ಹೊರಡುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ. ಹಳೆಯ ಪತ್ರಿಕೆಗಳಲ್ಲಿ ಎಷ್ಟಕ್ಕೆ ಮಾನ್ಯತೆ ಸಿಗುತ್ತದೆ ಎಂಬುದರ ಮೇಲೆ ಪ್ರತಿ ಸೆಮಿಸ್ಟರಿನ ಹೊರೆ ನಿರ್ಧಾರವಾಗುತ್ತದೆ. ಆ ಹೊರೆಯ ಮೇಲೆ ಎಷ್ಟು ಸೆಮಿಸ್ಟರ್ ಓದಬೇಕು, ಎಷ್ಟು ಪರೀಕ್ಷಾ ಶುಲ್ಕ ಕಟ್ಟಬೇಕು, ಎಷ್ಟು ತಿಂಗಳ ಬಾಡಿಗೆ ತೆರಬೇಕು, ದಿನವೂ ಬಸ್ಸಿನಲ್ಲಿ ಓಡಾಡಿ ಓದಲು ಸಾಧ್ಯವೇ ಎಂಬುದೆಲ್ಲ ನಿಂತಿದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕೊಟ್ಟಿರುವ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಮೊದಲು ತತ್ಸಮಾನ ಪತ್ರಿಕೆಗಳ, ಅಂದರೆ ನೀವು ಓದಿದ ಪತ್ರಿಕೆಗಳಿಗೆ ಸಮವೆಂದು ಹೊಸ ವಿಶ್ವವಿದ್ಯಾಲಯ ಒಪ್ಪುವ ಪತ್ರಿಕೆಗಳ ಪಟ್ಟಿ ಲಿಖಿತವಾಗಿ ಕೈಗೆ ಬರಲಿ. ಹಳೆಯ ಕಾಲೇಜಿನ ವರ್ಗಾವಣೆ ಪ್ರಮಾಣಪತ್ರ, ಅಂದರೆ ಟಿ.ಸಿ., ಎಲ್ಲ ಕಾಗದಗಳಿಗಿಂತ ಕೊನೆಗೆ ಬರಲಿ.

ಹಂತ 1: ನಿಮ್ಮದು ಯಾವ ಬಗೆಯ ಬದಲಾವಣೆ ಎಂದು ಗುರುತಿಸಿಕೊಳ್ಳಿ

ಒಂದೇ ವಿಶ್ವವಿದ್ಯಾಲಯದ ವ್ಯಾಪ್ತಿಯೊಳಗೆ, ಉದಾಹರಣೆಗೆ ಗೋಣಿಕೊಪ್ಪಲಿನ ಕಾಲೇಜಿನಿಂದ ಮಡಿಕೇರಿಯ ಕಾಲೇಜಿಗೆ ಬರುವುದು ಎಲ್ಲಕ್ಕಿಂತ ಸುಲಭ. ಪಠ್ಯಕ್ರಮ ಒಂದೇ ಆಗಿರುವುದರಿಂದ ಎರಡೂ ಕಾಲೇಜುಗಳ ಒಪ್ಪಿಗೆ, ವಿಶ್ವವಿದ್ಯಾಲಯದ ಅನುಮತಿ ಮತ್ತು ನಿಮ್ಮ ವಿಷಯ ಸಂಯೋಜನೆ ಹೊಸ ಕಾಲೇಜಿನಲ್ಲಿ ಇದೆಯೇ ಎಂಬ ಖಚಿತತೆ ಸಾಕು. ಈ ಕೊನೆಯ ಮಾತನ್ನು ಹಗುರವಾಗಿ ಕಾಣಬೇಡಿ. ಜಿಲ್ಲೆಯ ಸಣ್ಣ ಕಾಲೇಜುಗಳಲ್ಲಿ ಎಲ್ಲ ಐಚ್ಛಿಕ ವಿಷಯಗಳೂ ಇರುವುದಿಲ್ಲ.

ಮೈಸೂರು, ಬೆಂಗಳೂರು ಅಥವಾ ಮಂಗಳೂರು ವಿಶ್ವವಿದ್ಯಾಲಯಗಳಿಂದ ಬರುವುದು ಎರಡನೆಯ ಬಗೆ. ರಾಜ್ಯ ಒಂದೇ ಆದರೂ ಪತ್ರಿಕೆಗಳ ಹೆಸರು, ಕೋಡ್ ಮತ್ತು ಕ್ರೆಡಿಟ್ ಬೇರೆಯಾಗಿರುತ್ತವೆ. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವವರಿಗೆ ಹಳೆಯ ವಿಶ್ವವಿದ್ಯಾಲಯ ಕೊಡುವ ವಲಸೆ ಪ್ರಮಾಣಪತ್ರ ಬೇಕಾಗುತ್ತದೆ. ಕೊಡಗಿನ ಮಟ್ಟಿಗೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜಿಲ್ಲೆಯ ಕಾಲೇಜುಗಳು ದಶಕಗಳ ಕಾಲ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಬಳಿಕ ಅವು 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಕೊಡಗು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು; ಅದರ ಕೇಂದ್ರ ಚಿಕ್ಕ ಅಳುವಾರದಲ್ಲಿದೆ. 2025ರಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯು ಇಂತಹ ಹೊಸ ವಿಶ್ವವಿದ್ಯಾಲಯಗಳ ಮುಂದುವರಿಕೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಹೀಗಾಗಿ ನೀವು ಸೇರಲಿರುವ ತರಗತಿಯ ವಿದ್ಯಾರ್ಥಿಗಳಿಗೆ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ ಎಂಬುದನ್ನು ಕಾಲೇಜಿನ ಕಚೇರಿಯಲ್ಲಿ ನೇರವಾಗಿ ಕೇಳಿ, ಇತ್ತೀಚಿನ ಸುತ್ತೋಲೆಯ ಪ್ರತಿಯನ್ನು ನೋಡಿಯೇ ಮುಂದುವರಿಯಿರಿ. ವಲಸೆ ಪ್ರಮಾಣಪತ್ರ ಬೇಕೇ ಬೇಡವೇ ಎಂಬುದೂ ಇದರ ಮೇಲೆಯೇ ನಿಂತಿದೆ.

ಮೂರನೆಯದು ಹೊರರಾಜ್ಯದಿಂದ, ಕೊಡಗಿನ ಮಟ್ಟಿಗೆ ಹೆಚ್ಚಾಗಿ ಕೇರಳದ ಕಣ್ಣೂರು, ವಯನಾಡು ಕಡೆಯಿಂದ ಬರುವವರದು. ಕರ್ನಾಟಕವು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಅದೇ 2024ರಲ್ಲಿ ಕೇರಳದ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಆರಂಭಿಸಿವೆ. ಎರಡರ ಚೌಕಟ್ಟೇ ಬೇರೆಯಾಗಿರುವುದರಿಂದ ಇವರು ಅರ್ಹತಾ ಪ್ರಮಾಣಪತ್ರ ಹಾಗೂ ತತ್ಸಮಾನತೆಯ ಕೆಲಸಕ್ಕೆ ಉಳಿದವರಿಗಿಂತ ಹೆಚ್ಚು ಸಮಯ ಇಟ್ಟುಕೊಳ್ಳಬೇಕು.

ಇಂಜಿನಿಯರಿಂಗ್, ವೈದ್ಯಕೀಯ, ಅರಣ್ಯಶಾಸ್ತ್ರದಂತಹ ವೃತ್ತಿಪರ ಕೋರ್ಸುಗಳಿಗೆ ಅವುಗಳದೇ ನಿಯಮಗಳಿವೆ. ಅಲ್ಲಿ ಸೀಟು ಹಂಚಿಕೆಯ ವಿಚಾರವೂ ಸೇರುವುದರಿಂದ ಇಲ್ಲಿನ ಮಾತುಗಳನ್ನು ಹಾಗೆಯೇ ಅನ್ವಯಿಸಬಾರದು. ಡಿಪ್ಲೊಮಾ ಮುಗಿಸಿ ಬಿ.ಇ. ಎರಡನೆಯ ವರ್ಷಕ್ಕೆ ಸೇರುವವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕವೇ ಬರಬೇಕು. ಮುಂದಿನ ಹಂತಗಳು ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಬಿ.ಎ., ಬಿ.ಸಿ.ಎ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ವಸತಿಯ ಭಾಗ ಮಾತ್ರ ಎಲ್ಲರಿಗೂ ಸಲ್ಲುತ್ತದೆ.

ಹಂತ 2: ತತ್ಸಮಾನ ಪತ್ರಿಕೆಗಳ ಪಟ್ಟಿಯನ್ನು ನೀವೇ ತಯಾರಿಸಿ, ಸಹಿ ಮಾಡಿಸಿಕೊಳ್ಳಿ

ಕಾಲೇಜು ಬದಲಾವಣೆಗೆ ಸಾಮಾನ್ಯವಾಗಿ ಬೆಸ ಸೆಮಿಸ್ಟರುಗಳ ಆರಂಭದಲ್ಲಿ, ಅಂದರೆ ಮೂರನೆಯ ಅಥವಾ ಐದನೆಯ ಸೆಮಿಸ್ಟರಿನ ಬಾಗಿಲಲ್ಲಿ ಅವಕಾಶ ಕೊಡುತ್ತಾರೆ. ಮಳೆಗಾಲದಲ್ಲಿ ತರಗತಿಗಳು ಶುರುವಾಗುತ್ತವೆ ಎಂದಾದರೆ ಏಪ್ರಿಲ್ ಅಥವಾ ಮೇ ತಿಂಗಳಲ್ಲೇ ವಿಚಾರಣೆ ಆರಂಭಿಸಬೇಕು. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕುಳಿತರೆ ಪ್ರವೇಶದ ಕೊನೆಯ ದಿನಾಂಕ ದಾಟಿಹೋಗುತ್ತದೆ.

ಒಂದು ಕಾಗದದ ಮೇಲೆ ಎರಡು ಭಾಗ ಮಾಡಿ. ಎಡಗಡೆ ನೀವು ಉತ್ತೀರ್ಣರಾದ ಪ್ರತಿ ಪತ್ರಿಕೆಯ ಹೆಸರು, ಕೋಡ್, ಕ್ರೆಡಿಟ್, ವಾರದ ಬೋಧನಾ ಗಂಟೆ ಮತ್ತು ಆಂತರಿಕ ಹಾಗೂ ಪರೀಕ್ಷಾ ಅಂಕಗಳ ಹಂಚಿಕೆಯನ್ನು ಬರೆಯಿರಿ. ಬಲಗಡೆ ಹೊಸ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಅದಕ್ಕೆ ಹೊಂದುವ ಪತ್ರಿಕೆಯನ್ನು ಬರೆಯಿರಿ. ಹೆಸರು ಒಂದೇ ಇದ್ದ ಮಾತ್ರಕ್ಕೆ ಹೊಂದಿಕೆಯಾಯಿತು ಎಂದುಕೊಳ್ಳಬಾರದು. ಹಣಕಾಸು ಲೆಕ್ಕಶಾಸ್ತ್ರವೆಂಬ ಪತ್ರಿಕೆ ಎರಡೂ ಕಡೆ ಇರಬಹುದು. ಒಂದು ಕಡೆ ಪಾಲುದಾರಿಕೆ ಲೆಕ್ಕಗಳು ಮೊದಲ ಸೆಮಿಸ್ಟರಿನಲ್ಲೂ ಇನ್ನೊಂದು ಕಡೆ ಎರಡನೆಯದರಲ್ಲೂ ಬಂದಿರಬಹುದು. ಘಟಕಗಳನ್ನು ಒಂದೊಂದಾಗಿ ಓದಿ, ಹೊಂದುವ ಘಟಕಗಳಿಗೆ ಗುರುತು ಹಾಕಿ. ಹೆಚ್ಚಿನ ಪಾಲು ಹೊಂದಿದರೆ ಮಾನ್ಯತೆ ಕೇಳಲು ಆಧಾರವಿದೆ; ಅರ್ಧಕ್ಕಿಂತ ಕಡಿಮೆಯಿದ್ದರೆ ಆ ಪತ್ರಿಕೆಯನ್ನು ಮತ್ತೆ ಬರೆಯಬೇಕಾದೀತು ಎಂದು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕ್ರೆಡಿಟ್ ಎಂದರೆ ಏನು ಎಂಬುದು ಇಲ್ಲಿ ಸ್ಪಷ್ಟವಾಗಿರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯು.ಜಿ.ಸಿ.ಯ ಚೌಕಟ್ಟಿನಂತೆ ಸೆಮಿಸ್ಟರಿನಲ್ಲಿ 15 ಗಂಟೆಗಳ ಪಾಠಕ್ಕೆ ಒಂದು ಕ್ರೆಡಿಟ್. ಪ್ರಯೋಗಾಲಯದ ಕೆಲಸಕ್ಕಾದರೆ 30 ಗಂಟೆಗೆ ಒಂದು. ಹಾಗಾಗಿ ಮೂರು ಕ್ರೆಡಿಟ್‌ನ ಪಾಠದ ಪತ್ರಿಕೆ ವಾರಕ್ಕೆ ಮೂರು ಗಂಟೆ ಬೇಡುತ್ತದೆ, ಎರಡು ಕ್ರೆಡಿಟ್‌ನ ಪ್ರಯೋಗಾಲಯ ವಾರಕ್ಕೆ ನಾಲ್ಕು ಗಂಟೆ ಬೇಡುತ್ತದೆ. ಹಳೆಯ ಕಡೆ ನಾಲ್ಕು ಕ್ರೆಡಿಟ್ ಇದ್ದ ಪತ್ರಿಕೆಯನ್ನು ಹೊಸ ಕಡೆಯ ಮೂರು ಕ್ರೆಡಿಟ್‌ಗೆ ಹೊಂದಿಸಿದರೆ ಉಳಿದ ಒಂದು ಕ್ರೆಡಿಟ್ ಏನಾಗುತ್ತದೆ, ಮೂರರದ್ದನ್ನು ನಾಲ್ಕಕ್ಕೆ ಹೊಂದಿಸಿದರೆ ಕೊರತೆಯ ಒಂದನ್ನು ಎಲ್ಲಿ ತುಂಬಬೇಕು ಎಂಬ ಎರಡೂ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಅದೇ ಕಾಗದದಲ್ಲಿ ಬರೆಸಿಕೊಳ್ಳಿ.

ಭಾಷಾ ಪತ್ರಿಕೆಗಳು ಹೊರಗಿನಿಂದ ಬಂದವರನ್ನು ಹೆಚ್ಚಾಗಿ ಸಿಕ್ಕಿಸುತ್ತವೆ. ಹಳೆಯ ಕಾಲೇಜಿನಲ್ಲಿ ಮಲಯಾಳವನ್ನೋ ಸಂಸ್ಕೃತವನ್ನೋ ತೆಗೆದುಕೊಂಡಿದ್ದವರಿಗೆ ಹೊಸ ಕಾಲೇಜಿನಲ್ಲಿ ಅದೇ ಭಾಷೆಯ ಅಧ್ಯಾಪಕರು ಇಲ್ಲದಿರಬಹುದು. ಆಗ ಕನ್ನಡವನ್ನೋ ಹಿಂದಿಯನ್ನೋ ಆಯ್ದುಕೊಂಡರೆ ಹಿಂದಿನ ಸೆಮಿಸ್ಟರುಗಳ ಭಾಷಾ ಪತ್ರಿಕೆ ಬಾಕಿ ಬೀಳುತ್ತದೆಯೇ ಎಂಬುದನ್ನು ಭಾಷಾ ವಿಭಾಗದ ಮುಖ್ಯಸ್ಥರಲ್ಲೇ ಕೇಳಬೇಕು.

ಪಟ್ಟಿ ಸಿದ್ಧವಾದ ಮೇಲೆ ಅದಕ್ಕೆ ಹಳೆಯ ವಿಶ್ವವಿದ್ಯಾಲಯದ ಮುದ್ರೆಯುಳ್ಳ ಪಠ್ಯಕ್ರಮದ ಪ್ರತಿ ಮತ್ತು ಅಂಕಪಟ್ಟಿಗಳನ್ನು ಲಗತ್ತಿಸಿ ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯಕ್ಕೆ ಅರ್ಜಿ ಸಲ್ಲಿಸಿ. ವಿಭಾಗದ ಅಧ್ಯಾಪಕರು "ಇದೆಲ್ಲ ಆಗುತ್ತದೆ, ಬನ್ನಿ" ಎಂದು ಪ್ರೀತಿಯಿಂದ ಹೇಳಿರಬಹುದು. ಆದರೆ ತತ್ಸಮಾನತೆಯನ್ನು ನಿರ್ಧರಿಸುವುದು ವಿಶ್ವವಿದ್ಯಾಲಯ, ಸಾಮಾನ್ಯವಾಗಿ ಆ ವಿಷಯದ ಅಧ್ಯಯನ ಮಂಡಳಿಯ ಅಭಿಪ್ರಾಯ ಪಡೆದು. ಅನುಮತಿ ಪತ್ರದಲ್ಲಿ ಮಾನ್ಯವಾದ ಪತ್ರಿಕೆಗಳೂ ಬಾಕಿ ಬರೆಯಬೇಕಾದ ಪತ್ರಿಕೆಗಳೂ ಹೆಸರು, ಕೋಡ್ ಸಮೇತ ಇರಬೇಕು. "ನಿಯಮಾನುಸಾರ ಪ್ರವೇಶ ನೀಡಬಹುದು" ಎಂಬ ಒಂದೇ ವಾಕ್ಯದ ಪತ್ರ ಕೈಗೆ ಬಂದರೆ ಸುಮ್ಮನಾಗಬೇಡಿ. ಎರಡು ವರ್ಷದ ನಂತರ ಅಂತಿಮ ಅಂಕಪಟ್ಟಿ ತಡೆಹಿಡಿದಾಗ ಆ ವಾಕ್ಯ ಯಾರನ್ನೂ ಕಾಪಾಡುವುದಿಲ್ಲ.

ಹಂತ 3: ಕ್ರೆಡಿಟ್ ಖಾತೆಯನ್ನು ಸರಿಮಾಡಿಕೊಳ್ಳಿ

ಯು.ಜಿ.ಸಿ. 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕನ್ನು ಜಾರಿಗೆ ತಂದಿದೆ. ವಿದ್ಯಾರ್ಥಿಯ 12 ಅಂಕಿಗಳ ಅಪಾರ್ ಸಂಖ್ಯೆಗೆ ಅವರು ಗಳಿಸಿದ ಕ್ರೆಡಿಟ್‌ಗಳನ್ನು ಸಂಸ್ಥೆಯೇ ಜಮಾ ಮಾಡುತ್ತದೆ. ಡಿಜಿಲಾಕರ್‌ನಲ್ಲಿ ಅದನ್ನು ನೋಡಬಹುದು. ಹಳೆಯ ಕಾಲೇಜಿನಲ್ಲಿರುವಾಗಲೇ ಎಲ್ಲ ಸೆಮಿಸ್ಟರುಗಳ ಕ್ರೆಡಿಟ್ ಜಮಾ ಆಗಿದೆಯೇ ಎಂದು ಪರಿಶೀಲಿಸಿ. ಊರು ಬಿಟ್ಟ ಮೇಲೆ ಹಳೆಯ ಪರೀಕ್ಷಾ ವಿಭಾಗದಿಂದ ಇದನ್ನು ಮಾಡಿಸುವುದು ಬಹಳ ಕಷ್ಟ. ಕ್ರೆಡಿಟ್ ಖಾತೆಯಲ್ಲಿದೆ ಎಂದ ಮಾತ್ರಕ್ಕೆ ಹೊಸ ವಿಶ್ವವಿದ್ಯಾಲಯ ಅದನ್ನು ತಾನಾಗಿ ಒಪ್ಪಿಕೊಂಡಂತೆ ಆಗುವುದಿಲ್ಲ ಎಂಬುದನ್ನೂ ತಿಳಿದಿರಿ. ಖಾತೆಯು ನೀವು ಗಳಿಸಿದ್ದಕ್ಕೆ ಸಾಕ್ಷಿ, ಮಾನ್ಯತೆಗೆ ಹಿಂದಿನ ಹಂತದ ಅನುಮತಿ ಪತ್ರವೇ ಬೇಕು.

ಹೆಸರಿನ ವಿಷಯವನ್ನು ಇಲ್ಲಿಯೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಕೊಡಗಿನಲ್ಲಿ ಮನೆತನದ ಹೆಸರನ್ನು ಮೊದಲು ಬರೆಯುವ ರೂಢಿಯಿದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಮನೆತನದ ಪೂರ್ಣ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತಂದೆಯ ಹೆಸರು ಸೇರಿದ ಇನ್ನೊಂದು ರೂಪ ಹೀಗೆ ಮೂರು ಬಗೆಯಾಗಿದ್ದರೆ ಅಪಾರ್, ವಿದ್ಯಾರ್ಥಿವೇತನ ಮತ್ತು ವಿಶ್ವವಿದ್ಯಾಲಯದ ಪ್ರವೇಶ, ಪರೀಕ್ಷೆಗಳನ್ನು ನಿರ್ವಹಿಸುವ ಯು.ಯು.ಸಿ.ಎಂ.ಎಸ್. ತಂತ್ರಾಂಶ ಮೂರರಲ್ಲೂ ತಾಳೆಯಾಗದೆ ಅರ್ಜಿ ನಿಂತುಬಿಡಬಹುದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ.

ಹಂತ 4: ಕಾಗದಪತ್ರಗಳನ್ನು ಪಡೆಯುವ ಕ್ರಮ

ಮೊದಲು ಹೊಸ ಕಾಲೇಜಿನಿಂದ ಸೀಟು ಖಾಲಿಯಿದೆ, ಸೇರಿಸಿಕೊಳ್ಳಲು ಅಭ್ಯಂತರವಿಲ್ಲ ಎಂಬ ಪತ್ರ; ಬಳಿಕ ಹಳೆಯ ಕಾಲೇಜಿನ ನಿರಾಕ್ಷೇಪಣಾ ಪತ್ರ; ಆಮೇಲೆ ವಿಶ್ವವಿದ್ಯಾಲಯದ ಅನುಮತಿ; ಅದರ ನಂತರ ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲ್‌ಗಳಿಂದ ಬಾಕಿ ಇಲ್ಲವೆಂಬ ಸಹಿ; ಕೊನೆಗೆ ಟಿ.ಸಿ., ವಲಸೆ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ. ಟಿ.ಸಿ. ಪಡೆದ ಕ್ಷಣದಿಂದ ನೀವು ಹಳೆಯ ಕಾಲೇಜಿನ ವಿದ್ಯಾರ್ಥಿಯಲ್ಲ. ಹೊಸ ಕಡೆ ಅನುಮತಿ ನಿರಾಕರಿಸಿದರೆ ಹಿಂದಿರುಗಲು ದಾರಿ ಇರುವುದಿಲ್ಲ, ಒಂದು ವರ್ಷ ಕಳೆದುಹೋಗುತ್ತದೆ. "ಮೊದಲು ಟಿ.ಸಿ. ತನ್ನಿ" ಎಂದು ಯಾರಾದರೂ ಹೇಳಿದರೆ, ಸೀಟು ಕೊಡುವುದಾಗಿ ಲಿಖಿತವಾಗಿ ಕೊಡಿ ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಕೇಳಿ.

ನಡು ಸೆಮಿಸ್ಟರಿನಲ್ಲಿ ಬರುವವರು ಹಾಜರಾತಿ ಪ್ರಮಾಣಪತ್ರವನ್ನೂ ಆಂತರಿಕ ಅಂಕಗಳ ದಾಖಲೆಯನ್ನೂ ತರಬೇಕು. ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇ. 75 ಹಾಜರಾತಿ ಬೇಕಿರುವುದರಿಂದ ಹಳೆಯ ಕಾಲೇಜಿನ ದಿನಗಳು ಲೆಕ್ಕಕ್ಕೆ ಸೇರದಿದ್ದರೆ ಇಲ್ಲಿ ಒಂದು ತರಗತಿ ತಪ್ಪಿದರೂ ಕಷ್ಟವಾಗುತ್ತದೆ.

ಹಂತ 5: ಸೆಮಿಸ್ಟರಿನ ಹೊರೆಯನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ

ಪತ್ರಿಕೆಗಳ ಸಂಖ್ಯೆ ನೋಡಿ ಹೊರೆ ಅಳೆಯುವುದು ತಪ್ಪು. ವಾರದ ಗಂಟೆಗಳನ್ನು ನೋಡಬೇಕು. ಮೂರನೆಯ ಸೆಮಿಸ್ಟರಿಗೆ ಸೇರುವ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳಿಗೆ 22 ಕ್ರೆಡಿಟ್‌ಗಳಿವೆ, ಅವುಗಳಲ್ಲಿ ನಾಲ್ಕು ಪ್ರಯೋಗಾಲಯದವು ಎಂದು ಇಟ್ಟುಕೊಳ್ಳಿ. ಪಾಠಕ್ಕೆ 18 ಗಂಟೆ, ಪ್ರಯೋಗಾಲಯಕ್ಕೆ 8 ಗಂಟೆ, ಒಟ್ಟು ವಾರಕ್ಕೆ 26 ಗಂಟೆ. ಮೂರು ಕ್ರೆಡಿಟ್‌ನ ಎರಡು ಹಳೆಯ ಪತ್ರಿಕೆಗಳು ಬಾಕಿ ಬಿದ್ದಿದ್ದರೆ ಅವುಗಳ ಓದಿಗೆ ಕನಿಷ್ಠ 6 ಗಂಟೆ. ಆಕೆ ಕುಶಾಲನಗರದ ಮನೆಯಿಂದ ಮಡಿಕೇರಿಗೆ ದಿನವೂ ಬರುವವಳಾದರೆ ಸುಮಾರು 30 ಕಿಲೋಮೀಟರ್ ದೂರ. ಕಾಯುವುದೂ ಸೇರಿ ಹೋಗಿಬರಲು ಎರಡು ಗಂಟೆ, ಆರು ದಿನಕ್ಕೆ 12 ಗಂಟೆ. ಮನೆಯಲ್ಲಿ ಪುಸ್ತಕ ತೆರೆಯುವ ಮೊದಲೇ 44 ಗಂಟೆ ಕಳೆದಿರುತ್ತದೆ. ಇದೇ ಲೆಕ್ಕವನ್ನು ಮಡಿಕೇರಿಯಲ್ಲೇ ಇರುವವಳಿಗೆ ಹಾಕಿದರೆ 32. ಬಾಡಿಗೆ ಉಳಿಯಿತು ಎಂದು ಸಮಾಧಾನಪಡುವ ಮನೆಯವರು ಈ 12 ಗಂಟೆಗಳಿಗೂ ಒಂದು ಬೆಲೆ ಕಟ್ಟಿ ನೋಡಬೇಕು.

ಬಾಕಿ ಪತ್ರಿಕೆಗಳನ್ನು ಒಂದೇ ಸಲಕ್ಕೆ ಮುಗಿಸಿಬಿಡುವ ಹುಮ್ಮಸ್ಸು ಬೇಡ. ಸಾಮಾನ್ಯವಾಗಿ ಬೆಸ ಸೆಮಿಸ್ಟರಿನ ಪತ್ರಿಕೆಗಳ ಪರೀಕ್ಷೆ ಬೆಸ ಸೆಮಿಸ್ಟರಿನ ಜೊತೆಗೂ ಸಮ ಸೆಮಿಸ್ಟರಿನವು ಸಮದ ಜೊತೆಗೂ ನಡೆಯುವುದರಿಂದ ಮೊದಲ ಸೆಮಿಸ್ಟರಿನ ಬಾಕಿ ಮೂರನೆಯದರೊಂದಿಗೆ, ಎರಡನೆಯದರ ಬಾಕಿ ನಾಲ್ಕನೆಯದರೊಂದಿಗೆ ತಾನಾಗಿಯೇ ಹಂಚಿಹೋಗುತ್ತದೆ. ಹಾಗೆ ಹಂಚಿಹೋಗದೆ ಒಂದೇ ಸೆಮಿಸ್ಟರಿಗೆ ಮೂರು ನಾಲ್ಕು ಬಾಕಿ ಬಿದ್ದರೆ, ಎರಡನ್ನು ಐದನೆಯ ಸೆಮಿಸ್ಟರಿಗೆ ಬಿಡುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯದು. ಐದನೆಯ ಸೆಮಿಸ್ಟರಿನ ನಂತರಕ್ಕೆ ಮಾತ್ರ ಯಾವುದನ್ನೂ ಉಳಿಸಿಕೊಳ್ಳಬೇಡಿ. ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕುವಾಗ ಒಂದೇ ಒಂದು ಬಾಕಿ ಪತ್ರಿಕೆ ಇಡೀ ವರ್ಷವನ್ನು ನುಂಗಬಲ್ಲದು.

ಬಾಕಿ ಪತ್ರಿಕೆಗಳ ಆಂತರಿಕ ಅಂಕಗಳ ವಿಷಯವನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಮೂರನೆಯ ಸೆಮಿಸ್ಟರಿನ ವಿದ್ಯಾರ್ಥಿ ಮೊದಲ ಸೆಮಿಸ್ಟರಿನ ತರಗತಿಯಲ್ಲಿ ಕೂರಲು ವೇಳಾಪಟ್ಟಿ ಬಿಡುವುದಿಲ್ಲ. ಹಾಗಿದ್ದರೆ ಆ ಪತ್ರಿಕೆಯ ಕಿರುಪರೀಕ್ಷೆ, ನಿಯೋಜನೆಗಳನ್ನು ಯಾರು ತೆಗೆದುಕೊಳ್ಳುತ್ತಾರೆ, ಅಂಕವನ್ನು ಯಾರು ತಂತ್ರಾಂಶಕ್ಕೆ ಏರಿಸುತ್ತಾರೆ? ಸೇರಿದ ಮೊದಲ ವಾರದಲ್ಲೇ ವಿಭಾಗದ ಮುಖ್ಯಸ್ಥರನ್ನು ಕಂಡು, ಒಬ್ಬ ಅಧ್ಯಾಪಕರನ್ನು ಇದಕ್ಕೆ ನಿಗದಿಪಡಿಸಿಕೊಡುವಂತೆ ಅರ್ಜಿ ಕೊಡಿ. ಆಂತರಿಕ ಅಂಕ ಶೂನ್ಯವಾಗಿ ಏರಿದರೆ ಬರವಣಿಗೆಯ ಪರೀಕ್ಷೆಯಲ್ಲಿ ಎಷ್ಟು ಚೆನ್ನಾಗಿ ಬರೆದರೂ ಒಟ್ಟು ಅಂಕ ಕುಸಿಯುತ್ತದೆ.

ಸ್ವಯಂ ಎಂಬ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳಿಂದಲೂ ಕ್ರೆಡಿಟ್ ಪಡೆಯಲು ಅವಕಾಶವಿದೆ; ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಇದಕ್ಕೆ ಅವಕಾಶ ಕೊಡಬಹುದೆಂದು ಯು.ಜಿ.ಸಿ. ನಿಯಮ ಹೇಳುತ್ತದೆ. ನಿಮ್ಮ ಬಾಕಿ ಪತ್ರಿಕೆಗೆ ಅದು ಸಲ್ಲುತ್ತದೆಯೇ ಎಂದು ವಿಶ್ವವಿದ್ಯಾಲಯದಿಂದ ಮೊದಲೇ ಒಪ್ಪಿಗೆ ಪಡೆಯಿರಿ, ಪರೀಕ್ಷಾ ಕೇಂದ್ರ ಜಿಲ್ಲೆಯ ಹೊರಗೆ ಬೀಳಬಹುದು ಎಂಬುದನ್ನೂ ನೆನಪಿಡಿ.

ಹಂತ 6: ಶುಲ್ಕ, ಮರುಪಾವತಿ ಮತ್ತು ತೋಟದ ಮನೆಯ ಹಣದ ಲೆಕ್ಕ

ಹೊಸ ಕಾಲೇಜಿನಲ್ಲಿ "ಶುಲ್ಕ ಎಷ್ಟು" ಎಂದು ಕೇಳಿದರೆ ಒಂದು ಮೊತ್ತ ಹೇಳುತ್ತಾರೆ. ಅದನ್ನು ಬಿಡಿಸಿ ಕೇಳಿ: ಬೋಧನಾ ಶುಲ್ಕ, ಪ್ರಯೋಗಾಲಯ ಶುಲ್ಕ, ವಿಶ್ವವಿದ್ಯಾಲಯದ ನೋಂದಣಿ ಮತ್ತು ಅರ್ಹತಾ ಶುಲ್ಕ, ಅಭಿವೃದ್ಧಿ ಶುಲ್ಕ, ಕಾಷನ್ ಡೆಪಾಸಿಟ್. ವಿಶ್ವವಿದ್ಯಾಲಯ ಬದಲಾದವರಿಗೆ ನೋಂದಣಿ, ಅರ್ಹತೆ, ತತ್ಸಮಾನತೆಯ ಶುಲ್ಕಗಳು ಹೆಚ್ಚುವರಿಯಾಗಿ ಬೀಳುತ್ತವೆ. ಬಾಕಿ ಪತ್ರಿಕೆಗಳ ಪರೀಕ್ಷಾ ಶುಲ್ಕ ಬೇರೆ. ಖಾಸಗಿ ಕಾಲೇಜಿನಲ್ಲಿ ಒಂದೇ ಕಟ್ಟಡದೊಳಗೆ ಅನುದಾನಿತ ಕೋರ್ಸೂ ಅನುದಾನರಹಿತ ಕೋರ್ಸೂ ಇರಬಹುದು, ಅವುಗಳ ಶುಲ್ಕದಲ್ಲಿ ದೊಡ್ಡ ಅಂತರವಿರುತ್ತದೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರಿಗೆ ಇರುವ ಬೋಧನಾ ಶುಲ್ಕದ ವಿನಾಯಿತಿ ನಡುವೆ ಸೇರಿದವರಿಗೂ ಅನ್ವಯಿಸುತ್ತದೆಯೇ ಎಂದು ಕೇಳಿಯೇ ಹಣ ಕಟ್ಟಿ. ಪ್ರತಿ ಪಾವತಿಗೂ ರಶೀದಿ ಇರಲಿ.

ಹೊಸ ವರ್ಷದ ಶುಲ್ಕವನ್ನು ಹಳೆಯ ಕಾಲೇಜಿನಲ್ಲಿ ಕಟ್ಟಿದ ಮೇಲೆ ಬದಲಾವಣೆಯ ಯೋಚನೆ ಬಂದರೆ ಮರುಪಾವತಿಯ ಪ್ರಶ್ನೆ ಏಳುತ್ತದೆ. ಪ್ರವೇಶ ಹಿಂಪಡೆಯುವವರಿಗಾಗಿ ಯು.ಜಿ.ಸಿ. 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಪ್ರವೇಶದ ಅಧಿಕೃತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಹಿಂಪಡೆದರೆ ಪೂರ್ತಿ ಶುಲ್ಕ, 15 ದಿನಕ್ಕಿಂತ ಕಡಿಮೆ ಮುಂಚೆಯಾದರೆ ಶೇ. 90, ಕೊನೆಯ ದಿನಾಂಕದ ನಂತರ 15 ದಿನದೊಳಗಾದರೆ ಶೇ. 80, 16ರಿಂದ 30 ದಿನದೊಳಗಾದರೆ ಶೇ. 50 ಹಿಂದಿರುಗಿಸಬೇಕು, ಆಮೇಲೆ ಏನೂ ಇಲ್ಲ. ಪೂರ್ತಿ ಮರುಪಾವತಿಯ ಸಂದರ್ಭದಲ್ಲಿ ಸಂಸ್ಕರಣಾ ವೆಚ್ಚವೆಂದು ಶೇ. 5ರಷ್ಟು, ಗರಿಷ್ಠ 5,000 ರೂಪಾಯಿ ಹಿಡಿಯಬಹುದು. ನಂತರದ ವರ್ಷಗಳಲ್ಲಿ ಯು.ಜಿ.ಸಿ. ಇನ್ನೂ ಉದಾರವಾದ ಗಡುವುಗಳನ್ನು ಪ್ರಕಟಿಸಿದೆ. 2024-25ಕ್ಕೆ ಸೆಪ್ಟೆಂಬರ್ 30ರವರೆಗೆ ಪೂರ್ತಿ ಶುಲ್ಕ, ಅಕ್ಟೋಬರ್ 31ರವರೆಗೆ 1,000 ರೂಪಾಯಿ ಮಾತ್ರ ಕಡಿತ ಎಂದಿತ್ತು. ಆಯಾ ವರ್ಷದ ಸುತ್ತೋಲೆಯನ್ನು ಅರ್ಜಿಗೆ ಲಗತ್ತಿಸಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ಕಾಷನ್ ಡೆಪಾಸಿಟ್ ಮಾತ್ರ ಯಾವಾಗ ಬಿಟ್ಟರೂ ನಿಮ್ಮದೇ ಹಣ. ಶುಲ್ಕದ ನೆಪದಲ್ಲಿ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅದೇ ಅಧಿಸೂಚನೆಯಲ್ಲಿದೆ.

ಕಾಫಿ ತೋಟದ ಆದಾಯವನ್ನೇ ನಂಬಿರುವ ಮನೆಗಳಿಗೆ ಇನ್ನೊಂದು ತೊಡಕಿದೆ. ಅರೇಬಿಕಾ ಕೊಯ್ಲು ನವೆಂಬರ್-ಡಿಸೆಂಬರ್‌ನಲ್ಲಿ, ರೊಬಸ್ಟಾ ಜನವರಿಯ ನಂತರ. ಕೈಗೆ ಹಣ ಬರುವುದು ಆಗ. ಶುಲ್ಕ, ಮನೆಯ ಮುಂಗಡ, ಪುಸ್ತಕ ಎಲ್ಲವೂ ಬೀಳುವುದು ಮಳೆಗಾಲದಲ್ಲಿ, ತೋಟಕ್ಕೆ ಗೊಬ್ಬರ, ಕೂಲಿ, ಔಷಧಿಯ ಖರ್ಚು ಇರುವ ಹೊತ್ತಿಗೇ. ಬದಲಾವಣೆಯ ನಿರ್ಧಾರವನ್ನು ಮಾರ್ಚ್‌ನೊಳಗೆ ಮಾಡಿ, ಕಾಫಿ ಮಾರಿದ ಹಣದಲ್ಲಿ ಮೊದಲ ಸೆಮಿಸ್ಟರಿನ ಖರ್ಚನ್ನು ಬೇರೆ ತೆಗೆದಿಡುವುದು ಸಾಧ್ಯವಾದರೆ ಅದೇ ಉತ್ತಮ. ಆಗದಿದ್ದರೆ ಎರಡು ಕಂತುಗಳಲ್ಲಿ, ಎರಡನೆಯದನ್ನು ಜನವರಿಯಲ್ಲಿ ಕಟ್ಟಲು ಅವಕಾಶ ಕೋರಿ ಪ್ರಾಂಶುಪಾಲರಿಗೆ ಕಾರಣ ಸಹಿತ ಅರ್ಜಿ ಕೊಡಿ. ಪರಿಸ್ಥಿತಿ ಬಲ್ಲ ಜಿಲ್ಲೆಯ ಕಾಲೇಜುಗಳಲ್ಲಿ ಇಂಥ ಅರ್ಜಿ ಕೊಡಲು ಸಂಕೋಚಪಡಬೇಕಾಗಿಲ್ಲ.

ಶೈಕ್ಷಣಿಕ ಸಾಲ ಇರುವವರು ಕಾಲೇಜು ಬಿಡುವ ಮೊದಲೇ ಬ್ಯಾಂಕಿಗೆ ಪತ್ರ ಕೊಟ್ಟು ಒಪ್ಪಿಗೆ ಪಡೆಯಬೇಕು. ಮುಂದಿನ ಕಂತು ಹಳೆಯ ಕಾಲೇಜಿನ ಖಾತೆಗೆ ಹೋದ ಮೇಲೆ ಅದನ್ನು ಹಿಂದಕ್ಕೆ ತರಿಸುವುದು ತಿಂಗಳುಗಳ ಕೆಲಸ.

ಹಂತ 7: ವಿದ್ಯಾರ್ಥಿವೇತನ ತಪ್ಪಿಹೋಗದಂತೆ ನೋಡಿಕೊಳ್ಳಿ

ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಾದ ಎಸ್.ಎಸ್.ಪಿ. ತಂತ್ರಾಂಶದಲ್ಲಿ ಅರ್ಜಿ ಹಾಕುವಾಗ ಹೊಸ ಕಾಲೇಜು, ಹೊಸ ನೋಂದಣಿ ಸಂಖ್ಯೆ ಇರಲೇಬೇಕು. ಹಳೆಯ ಸಂಖ್ಯೆಯಲ್ಲೇ ಸಲ್ಲಿಸಿದರೆ ಅರ್ಜಿ ಹೊಸ ಕಾಲೇಜಿನ ಪರಿಶೀಲನೆಗೆ ಬಾರದೆ ಉಳಿಯಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಉಳಿದಿದೆಯೇ ಎಂದು ನೋಡಿ. ಹೊರರಾಜ್ಯದ ವಿದ್ಯಾರ್ಥಿಗಳು ತಮ್ಮ ರಾಜ್ಯದ ಯೋಜನೆಗಳನ್ನೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲನ್ನೂ ನೋಡಬೇಕು.

ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪದವಿಯ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿತ್ತು. ಇದಕ್ಕೆ ತಂದೆ ಅಥವಾ ತಾಯಿಯ ಫ್ರೂಟ್ಸ್ ಸಂಖ್ಯೆ, ಅಂದರೆ ರೈತರ ನೋಂದಣಿ ಸಂಖ್ಯೆ ಬೇಕು, ಅದು ಪಹಣಿಯನ್ನು ಆಧರಿಸಿದೆ. ಜಮ್ಮಾ ಹಿಡುವಳಿಯ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಮೀನಿನ ಮನೆಗಳಲ್ಲಿ ಪಹಣಿ ಕುಟುಂಬದ ಹಿರಿಯನಾದ ಪಟ್ಟೇದಾರರ, ಎಷ್ಟೋ ಕಡೆ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಉಳಿದಿರುವುದರಿಂದ ಇಲ್ಲಿ ತೊಡಕಾಗುವುದುಂಟು. ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ. ಅರ್ಜಿಯ ಕೊನೆಯ ವಾರದಲ್ಲಿ ಪಹಣಿ ಸರಿಯಾಗುವುದಿಲ್ಲ.

ಹಂತ 8: ವಸತಿ

ಮೊದಲು ಸರ್ಕಾರಿ ಹಾಸ್ಟೆಲ್ ನೋಡಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ರಾಜ್ಯ ಹಾಸ್ಟೆಲ್ ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು. ಹಳೆಯ ಊರಿನಲ್ಲಿ ಇಲಾಖೆಯ ಹಾಸ್ಟೆಲಿನಲ್ಲಿದ್ದವರು ಅಲ್ಲಿಂದ ಬಿಡುಗಡೆ ಪತ್ರ ಪಡೆದೇ ಬರಬೇಕು. ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಯ ಸಹಾಯವಾಗಿ ವಿದ್ಯಾಸಿರಿ ಯೋಜನೆಯಿದೆ. ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳಿಗೆ ಕೊಡುವುದಾಗಿ ಅದು ಆರಂಭವಾಗಿತ್ತು. ಹಾಸ್ಟೆಲಿಗೆ ಅರ್ಜಿ ಹಾಕಿ ಸಿಗಲಿಲ್ಲವೆಂಬ ದಾಖಲೆಯನ್ನು ಇಟ್ಟುಕೊಳ್ಳಿ.

ಬಾಡಿಗೆ ಕೋಣೆ ಅಥವಾ ಪಿ.ಜಿ. ಹುಡುಕುವವರು ಸಾಧ್ಯವಾದರೆ ಮಳೆ ಹಿಡಿದ ಮೇಲೆ, ಜೂನ್ ಕೊನೆಯಲ್ಲಿ ಬಂದು ನೋಡಿ. ಏಪ್ರಿಲ್‌ನಲ್ಲಿ ಎಲ್ಲ ಕೋಣೆಯೂ ಚೆನ್ನಾಗಿಯೇ ಕಾಣುತ್ತದೆ. ಮೊದಲು ಕೋಣೆಯ ಹಿಂದೆ ಹೋಗಿ. ಮಣ್ಣು ಕಡಿದು ಮನೆ ಕಟ್ಟಿದ್ದರೆ ಹಿಂಬದಿಯ ಬರೆ, ಅಂದರೆ ಕಡಿದ ಮಣ್ಣಿನ ದಿಬ್ಬ, ಮನೆಯ ಗೋಡೆಗೆ ಎಷ್ಟು ಹತ್ತಿರವಿದೆ, ಎಷ್ಟು ಎತ್ತರವಿದೆ, ತಡೆಗೋಡೆ ಇದೆಯೇ, ಇದ್ದರೆ ಅದರಲ್ಲಿ ನೀರು ಹೊರಬರುವ ತೂತುಗಳಿವೆಯೇ, ಬರೆಯ ಮೇಲಿನ ಚರಂಡಿಯ ನೀರು ಎತ್ತ ಹರಿಯುತ್ತದೆ ಎಂದು ನೋಡಿ. ನೆಲದಲ್ಲೋ ಗೋಡೆಯಲ್ಲೋ ಅಡ್ಡಡ್ಡ ಹೊಸ ಬಿರುಕು, ಬಾಗಿದ ಮರ, ಮಣ್ಣಿನ ಬಣ್ಣದ ನೀರು ಒಸರುವುದು ಕಂಡರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಆ ಕೋಣೆ ಬೇಡ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಮಕ್ಕಂದೂರು, ಜೋಡುಪಾಲ ಕಡೆ, 2019ರಲ್ಲಿ ತೋರದಲ್ಲಿ ಆದ ಭೂಕುಸಿತಗಳನ್ನು ಇಲ್ಲಿಯ ಜನ ಮರೆತಿಲ್ಲ, ಹೊರಗಿನಿಂದ ಬರುವವರೂ ತಿಳಿದಿರಬೇಕು. ಮಡಿಕೇರಿಯಲ್ಲಿ ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರಗಳ ಇಳಿಜಾರುಗಳಲ್ಲಿ ಕೋಣೆ ನೋಡುವಾಗ ಇದನ್ನು ಇನ್ನಷ್ಟು ಎಚ್ಚರದಿಂದ ಮಾಡಿ.

ಕುಶಾಲನಗರದಲ್ಲಿ ಮಳೆ ಕಡಿಮೆ, ನೆಲ ಸಮತಟ್ಟು. ಅಲ್ಲಿ ಕೇಳಬೇಕಾದದ್ದು ಹೊಳೆಯ ನೀರಿನ ಬಗ್ಗೆ. ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದಿದೆ. ಅಕ್ಕಪಕ್ಕದ ಮನೆಯವರಲ್ಲಿ "ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು" ಎಂದು ಕೇಳಿದರೆ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯ ಭಾಗಗಳಿಗೂ ಇದೇ ಮಾತು. ಪೊನ್ನಂಪೇಟೆ, ತಿತಿಮತಿ, ಮಾಲ್ದಾರೆ ಕಡೆ ತೋಟದ ನಡುವಿನ ಮನೆಗಳಲ್ಲಿ ಉಳಿಯುವವರು ಬೆಳಗಿನ ಮೊದಲ ಬಸ್ಸಿಗೆ ಕತ್ತಲಲ್ಲಿ ನಡೆದು ಬರಬೇಕೇ ಎಂದು ನೋಡಬೇಕು. ಆನೆ ಓಡಾಡುವ ದಾರಿಯಲ್ಲಿ ಅದು ಸಲ್ಲದು. ಪ್ರಯೋಗಾಲಯ ಮುಗಿಸಿ ಸಂಜೆ ತಡವಾಗಿ ಮರಳುವ ವಿಜ್ಞಾನ ವಿದ್ಯಾರ್ಥಿಗಳು ಬಸ್ ನಿಲ್ದಾಣಕ್ಕೆ ಹತ್ತಿರದ ಕೋಣೆಯನ್ನೇ ಆರಿಸಲಿ.

ಪ್ರವಾಸೋದ್ಯಮ ಇಲ್ಲಿನ ಬಾಡಿಗೆಯನ್ನು ಬಹಳ ಬದಲಿಸಿದೆ. ಮಡಿಕೇರಿಯಲ್ಲಿ ಎಷ್ಟೋ ಮನೆಗಳ ಮೇಲ್ಮಹಡಿಗಳು ಹೋಂ ಸ್ಟೇಗಳಾಗಿವೆ. ದಸರಾ, ಡಿಸೆಂಬರ್ ಕೊನೆಯ ವಾರಗಳಲ್ಲಿ ಕೋಣೆ ತೆರವು ಮಾಡಿ ಎಂಬ ಕೋರಿಕೆ ಬಾರದಂತೆ 11 ತಿಂಗಳ ಕರಾರುಪತ್ರದಲ್ಲೇ ಬರೆಸಿಕೊಳ್ಳಿ. ಮುಂಗಡ ಎಷ್ಟು, ಬಿಡುವಾಗ ಎಷ್ಟು ದಿನದೊಳಗೆ ಹಿಂದಿರುಗಿಸುತ್ತಾರೆ, ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದೂ ಅದರಲ್ಲಿರಲಿ. ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಜಾಗ, ಬಿಸಿನೀರು, ಕರೆಂಟ್ ಹೋದಾಗ ಬೆಳಕು, ಕೋಣೆಯೊಳಗೆ ಮೊಬೈಲ್ ಸಿಗ್ನಲ್ ಇವನ್ನು ನಿಂತು ಪರೀಕ್ಷಿಸಿ. ಜುಲೈನಲ್ಲಿ ಇವು ಸಣ್ಣ ವಿಷಯಗಳಾಗಿ ಉಳಿಯುವುದಿಲ್ಲ.

ಓಡಾಡಿ ಓದುವವರಿಗೆ ಒಂದು ಮಾತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗಿರುವ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗಷ್ಟೇ. ಜಿಲ್ಲೆಯ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳನ್ನೇ ನಂಬಬೇಕಾದ ಊರುಗಳು ಬಹಳ. ಕಾಲೇಜಿನ ಹೊತ್ತಿಗೆ ಸರ್ಕಾರಿ ಬಸ್ಸು ಇದೆಯೇ ಎಂದು ನೋಡಿಯೇ ಪ್ರಯಾಣದ ಖರ್ಚು ಲೆಕ್ಕ ಹಾಕಿ. ಕೇರಳದ ಕಡೆಯಿಂದ ಮಾಕುಟ್ಟ ಘಟ್ಟದ ದಾರಿಯಲ್ಲಿ ಬರುವವರು ದೊಡ್ಡ ಮಳೆಗೆ ಸಂಚಾರ ನಿಲ್ಲುವುದನ್ನೂ ಗಮನದಲ್ಲಿಡಿ.

ಹಂತ 9: ಸೇರಿದ ಮೊದಲ ತಿಂಗಳು

ಹೊಸ ನೋಂದಣಿ ಸಂಖ್ಯೆ ಬಂದ ದಿನವೇ ಯು.ಯು.ಸಿ.ಎಂ.ಎಸ್.ನಲ್ಲಿ ಹೆಸರು, ವಿಷಯ ಸಂಯೋಜನೆ, ಭಾಷೆ ಸರಿಯಾಗಿದೆಯೇ ನೋಡಿ. ಮಳೆ ರಜೆಗಳಿಂದ ತಪ್ಪಿದ ಪಾಠಗಳನ್ನು ಮುಂದೆ ಶನಿವಾರ, ಭಾನುವಾರಗಳಲ್ಲಿ ತುಂಬಬಹುದು. ಊರಿಗೆ ಹೋಗುವ ಯೋಜನೆಯನ್ನು ಅದಕ್ಕೆ ತಕ್ಕಂತೆ ಮಾಡಿ. ಮಾನ್ಯವಾದ ಪತ್ರಿಕೆಗಳ ಅನುಮತಿ ಪತ್ರದ ಮೂರು ಪ್ರತಿ ಮಾಡಿಸಿ, ಒಂದನ್ನು ಕಾಲೇಜಿನ ಕಚೇರಿಗೆ, ಒಂದನ್ನು ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದನ್ನು ಮೂಲದೊಂದಿಗೆ ನಿಮ್ಮಲ್ಲೇ ಇಟ್ಟುಕೊಳ್ಳಿ. ಪರೀಕ್ಷಾ ಅರ್ಜಿ ತೆರೆದಾಗ ಆ ಪತ್ರವನ್ನು ಎದುರಿಗಿಟ್ಟುಕೊಂಡು, ಈ ಸೆಮಿಸ್ಟರಿನ ಪತ್ರಿಕೆಗಳ ಜೊತೆಗೆ ಬರೆಯಬೇಕಾದ ಬಾಕಿ ಪತ್ರಿಕೆಗಳೂ ಕೋಡ್ ಸಮೇತ ಕಾಣುತ್ತಿವೆಯೇ ಎಂದು ಒಂದೊಂದಾಗಿ ತಾಳೆ ನೋಡಿ. ಯಾವುದಾದರೂ ಬಿಟ್ಟುಹೋಗಿದ್ದರೆ ದಂಡವಿಲ್ಲದ ಕೊನೆಯ ದಿನಾಂಕಕ್ಕೆ ಮೊದಲೇ ಪ್ರಾಂಶುಪಾಲರ ಮೂಲಕ ಪರೀಕ್ಷಾಂಗ ಕುಲಸಚಿವರಿಗೆ ಬರೆದು ಸೇರಿಸಿಕೊಳ್ಳಿ. ಪ್ರವೇಶ ಪತ್ರ ಮುದ್ರಣವಾದ ಮೇಲೆ ಪತ್ರಿಕೆ ಸೇರಿಸುವುದು ಕಾಲೇಜಿನ ಕೈಯಲ್ಲಿ ಇರುವುದಿಲ್ಲ.